ಪೆನ್‌ಡ್ರೈವ್‌ನಲ್ಲಿ ಜಾಗ ಇದ್ರೂ ಫೈಲ್ ಹೋಗ್ತಿಲ್ವಾ? 4 ಜಿಬಿ ತಕರಾರು ಏನು, ಸರಿ ಮಾಡೋದು ಹೇಗೆ

ಕೊಪ್ಪ: ಹೊಸ 32 ಜಿಬಿ ಪೆನ್‌ಡ್ರೈವ್. ಒಳಗೆ ಒಂದು ಫೈಲೂ ಇಲ್ಲ. ಹಾಕಬೇಕಾದ ಮದುವೆ ವಿಡಿಯೊ 6 ಜಿಬಿ. ಆದ್ರೂ ಕಾಪಿ ಕೊಟ್ಟ ತಕ್ಷಣ ‘ದ ಫೈಲ್ ಈಸ್ ಟೂ ಲಾರ್ಜ್ ಫಾರ್ ದ ಡೆಸ್ಟಿನೇಷನ್ ಫೈಲ್ ಸಿಸ್ಟಮ್’ ಅಂತ ಕಂಪ್ಯೂಟರ್ ಒಂದು ಚೌಕ ತೋರಿಸಿ ನಿಂತುಬಿಡುತ್ತೆ. ಗಿರಾಕಿ ಅಂಗಡಿಯವರ ಮೇಲೆ ಸಿಟ್ಟಾಗ್ತಾರೆ, ಅಂಗಡಿಯವರು ಪೆನ್‌ಡ್ರೈವ್ ಕಂಪನಿ ಮೇಲೆ.

ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸ್ಟುಡಿಯೊ, ಜೆರಾಕ್ಸ್ ಅಂಗಡಿ, ಮೊಬೈಲ್ ಅಂಗಡಿಗಳಲ್ಲಿ ಕೆಲಸ ಮಾಡೋರಿಗೆ ಈ ಚೌಕ ಹೊಸದೇನಲ್ಲ. ಪೆನ್‌ಡ್ರೈವ್ ಹಾಳಾಗಿಲ್ಲ, ವಿಡಿಯೊನೂ ಹಾಳಾಗಿಲ್ಲ. ಇದಕ್ಕೆ ಖರ್ಚಿಲ್ಲದ ಪರಿಹಾರ ಇದೆ. ಆದ್ರೆ ಗಾಬರಿಯಲ್ಲಿ ಏನೇನೋ ಒತ್ತಿದ್ರೆ ಒಳಗಿರೋ ಹಳೇ ಫೋಟೊ, ಲೆಕ್ಕ, ಸಿಸಿಟಿವಿ ದೃಶ್ಯ ಎಲ್ಲ ಹೋಗುತ್ತೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತಿದ್ದೀನಿ. ಅಂಗಡಿಯವರು ಬೇಕಿದ್ರೆ ಪ್ರಿಂಟ್ ತೆಗೆದು ಇಟ್ಕೊಳ್ಳಿ.

ಈ 4 ಜಿಬಿ ಎಲ್ಲಿಂದ ಬಂತು?

ಪೆನ್‌ಡ್ರೈವ್, ಮೆಮೊರಿ ಕಾರ್ಡ್, ಹಾರ್ಡ್ ಡಿಸ್ಕ್ ಯಾವುದೇ ಇರಲಿ, ಅದರೊಳಗೆ ಫೈಲ್‌ಗಳ ಒಂದು ರಿಜಿಸ್ಟರ್ ಇರುತ್ತೆ. ಯಾವ ಫೈಲ್ ಎಲ್ಲಿದೆ, ಎಷ್ಟು ದೊಡ್ಡದು, ಯಾವತ್ತು ಬರೆದದ್ದು ಅಂತ ಬರೆದಿಡೋ ಪುಸ್ತಕ ಅಂದ್ಕೊಳ್ಳಿ. ಈ ಪುಸ್ತಕ ಬರೆಯೋ ಪದ್ಧತಿಗೇ ಫೈಲ್ ಸಿಸ್ಟಮ್ ಅನ್ನೋದು. ಅಂಗಡಿಯಲ್ಲಿ ಸಿಗೋ 32 ಜಿಬಿವರೆಗಿನ ಹೆಚ್ಚಿನ ಪೆನ್‌ಡ್ರೈವ್ ಫ್ಯಾಟ್32 ಅನ್ನೋ ಪದ್ಧತಿಯಲ್ಲಿ ಬರುತ್ತೆ.

ಅರ್ಜಿ ಫಾರಂನಲ್ಲಿ ಪಿನ್‌ಕೋಡ್‌ಗೆ ಆರು ಮನೆ ಕೊಟ್ಟಿರ್ತಾರಲ್ಲ? ಕೊಪ್ಪದ 577126 ಬರೆಯೋಕೆ ಸಾಕು. ಏಳನೇ ಅಂಕಿ ಬರೆಯೋಕೆ ಹೋದ್ರೆ ಜಾಗ ಇಲ್ಲ, ಉಳಿದ ಹಾಳೆ ಪೂರ್ತಿ ಖಾಲಿ ಇದ್ರೂ ಇಲ್ಲ. ಫ್ಯಾಟ್32 ರಿಜಿಸ್ಟರ್‌ನಲ್ಲಿ ‘ಫೈಲ್ ಎಷ್ಟು ದೊಡ್ಡದು’ ಅಂತ ಬರೆಯೋಕೆ ಇರೋದು 32 ಮನೆ. ಒಂದೊಂದು ಮನೆಯಲ್ಲೂ 0 ಇಲ್ಲಾ 1. ಎಲ್ಲಾ ಮನೆಗೂ 1 ತುಂಬಿಸಿದ್ರೆ ಸಿಗೋ ಸಂಖ್ಯೆ 429 ಕೋಟಿ 49 ಲಕ್ಷದ 67 ಸಾವಿರದ 295. ಅಷ್ಟು ಬೈಟ್ ಅಂದ್ರೆ 4 ಜಿಬಿಗೆ ಒಂದೇ ಒಂದು ಬೈಟ್ ಕಮ್ಮಿ. ಅದಕ್ಕಿಂತ ದೊಡ್ಡ ಫೈಲ್‌ನ ಅಳತೆಯನ್ನು ಆ ಪುಸ್ತಕದಲ್ಲಿ ಬರೆಯೋಕೇ ಬರಲ್ಲ. ಹಾಗಾಗಿ 2 ಜಿಬಿಯ ಹತ್ತು ಫೈಲ್ ಹಾಕಿದ್ರೆ ಆರಾಮಾಗಿ ಹೋಗುತ್ತೆ, 5 ಜಿಬಿಯ ಒಂದು ಫೈಲ್ ಹೋಗಲ್ಲ.

ಫ್ಯಾಟ್32 ಬಂದದ್ದು 1996ರಲ್ಲಿ, ವಿಂಡೋಸ್ 95ರ ಪರಿಷ್ಕೃತ ಆವೃತ್ತಿ ಜೊತೆ. ಆಗ ಮನೆ ಕಂಪ್ಯೂಟರ್‌ನ ಇಡೀ ಹಾರ್ಡ್ ಡಿಸ್ಕೇ ಒಂದೆರಡು ಜಿಬಿ. ಒಂದೇ ಫೈಲ್ 4 ಜಿಬಿ ದಾಟುತ್ತೆ ಅಂತ ಯಾರು ಲೆಕ್ಕ ಹಾಕ್ತಾರೆ? ಮೈಕ್ರೋಸಾಫ್ಟ್‌ನವರೇ 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ತಂದ ಎನ್‌ಟಿಎಫ್‌ಎಸ್ ಪದ್ಧತಿಗೆ ಈ ಮಿತಿ ಇಲ್ಲ. ಪೆನ್‌ಡ್ರೈವ್, ಕಾರ್ಡ್‌ಗಳಿಗೆ ಅಂತಲೇ 2006ರಲ್ಲಿ ಎಕ್ಸ್‌ಫ್ಯಾಟ್ ಬಂತು. ಅದಕ್ಕೂ ಇಲ್ಲ. ಆದ್ರೂ ಫ್ಯಾಟ್32 ಯಾಕೆ ಇನ್ನೂ ಉಳಿದಿದೆ ಅಂದ್ರೆ ಹಳೇ ಟಿವಿ, ಕಾರ್ ಸ್ಟೀರಿಯೊ, ಡಿವಿಆರ್ ಎಲ್ಲಕ್ಕೂ ಅರ್ಥ ಆಗೋ ಭಾಷೆ ಅದೊಂದೇ.

ಇನ್ನೊಂದು ಗೊಂದಲವನ್ನೂ ಇಲ್ಲೇ ಹೇಳಿಬಿಡ್ತೀನಿ. 32 ಜಿಬಿ ಅಂತ ಬರೆದ ಪೆನ್‌ಡ್ರೈವ್ ಕಂಪ್ಯೂಟರ್‌ಗೆ ಹಾಕಿದ್ರೆ 29 ಚಿಲ್ಲರೆ ತೋರಿಸುತ್ತೆ. ‘ಮೂರು ಜಿಬಿ ಎಲ್ಲಿ ಹೋಯ್ತು ಮಾರಾಯ್ರೆ’ ಅಂತ ಅಂಗಡಿಯವರನ್ನ ಕೇಳಬೇಡಿ, ಅವರು ತಿಂದಿಲ್ಲ. ಕಂಪನಿಯವರು 1000ದ ಲೆಕ್ಕದಲ್ಲಿ ಗುಣಿಸ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಭಾಗಿಸುತ್ತೆ. ಅಷ್ಟೇ.

ಮೊದಲು ನೋಡಿ, ಆಮೇಲೆ ಒತ್ತಿ

ಪೆನ್‌ಡ್ರೈವ್ ಹಾಕಿ, ‘ದಿಸ್ ಪಿಸಿ’ ತೆರೆದು, ಆ ಡ್ರೈವ್ ಮೇಲೆ ಮೌಸ್‌ನ ಬಲ ಬಟನ್ ಒತ್ತಿ ‘ಪ್ರಾಪರ್ಟೀಸ್’ಗೆ ಹೋಗಿ. ಮೇಲ್ಗಡೆನೇ ‘ಫೈಲ್ ಸಿಸ್ಟಮ್’ ಅಂತ ಒಂದು ಸಾಲು ಇರುತ್ತೆ. ಫ್ಯಾಟ್32 ಅಂತಿದ್ರೆ ನಿಮ್ಮ ತಕರಾರು ಇದೇ. ಹೋಗದ ಫೈಲ್‌ನ ಪ್ರಾಪರ್ಟೀಸ್ ಕೂಡ ನೋಡಿ, 4 ಜಿಬಿ ದಾಟಿದೆಯಾ ಅಂತ. ದಾಟಿಲ್ಲ, ಆದ್ರೂ ಹೋಗ್ತಿಲ್ಲ ಅಂದ್ರೆ ಕಾಯಿಲೆ ಬೇರೆ. ಜಾಗ ತುಂಬಿರಬಹುದು, ಇಲ್ಲಾ ಪೆನ್‌ಡ್ರೈವೇ ಕೆಟ್ಟಿರಬಹುದು.

ಪೆನ್‌ಡ್ರೈವ್‌ನಲ್ಲಿ ಬೇಕಾದ್ದು ಏನೂ ಇಲ್ಲ ಅಂತಾದ್ರೆ ಎಕ್ಸ್‌ಫ್ಯಾಟ್‌ಗೆ ಬದಲಾಯಿಸೋದು ಸುಲಭ. ಡ್ರೈವ್ ಮೇಲೆ ಬಲ ಬಟನ್, ‘ಫಾರ್ಮ್ಯಾಟ್’, ಫೈಲ್ ಸಿಸ್ಟಮ್ ಜಾಗದಲ್ಲಿ ಎಕ್ಸ್‌ಫ್ಯಾಟ್ ಆರಿಸಿ, ‘ಕ್ವಿಕ್ ಫಾರ್ಮ್ಯಾಟ್’ಗೆ ಟಿಕ್ ಇರಲಿ, ‘ಸ್ಟಾರ್ಟ್’. ಅರ್ಧ ನಿಮಿಷದ ಕೆಲಸ. ಆದ್ರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತೆ. ಹಾಗಾಗಿ ಗಿರಾಕಿ ತಂದುಕೊಟ್ಟ ಪೆನ್‌ಡ್ರೈವ್ ಆದ್ರೆ ಒಂದು ಮಾತು ಕೇಳಿ: ‘ಅಣ್ಣ, ಇದರೊಳಗೆ ಏನಾದ್ರೂ ಬೇಕಾದ್ದು ಇದ್ಯಾ?’ ‘ಎಂತದೂ ಇಲ್ಲ’ ಅಂದ್ರೂ ತೆರೆದು ಅವರಿಗೇ ತೋರಿಸಿ. ಮಗುವಿನ ನಾಮಕರಣದ ಫೋಟೊ ಇರೋದು ಯಾವಾಗಲೂ ‘ಎಂತದೂ ಇಲ್ಲ’ದ ಪೆನ್‌ಡ್ರೈವ್‌ನಲ್ಲೇ.

ಒಳಗಿರೋದು ಹಾಗೇ ಉಳೀಬೇಕು ಅಂದ್ರೆ ವಿಂಡೋಸ್‌ನಲ್ಲೇ ಇನ್ನೊಂದು ದಾರಿ ಇದೆ. ಕಮಾಂಡ್ ಪ್ರಾಂಪ್ಟ್ ಅನ್ನು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಕೊಟ್ಟು ತೆರೆದು ‘ಕನ್ವರ್ಟ್ ಇ: /ಎಫ್‌ಎಸ್:ಎನ್‌ಟಿಎಫ್‌ಎಸ್’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ‘ಇ’ ಇದ್ದಲ್ಲಿ ನಿಮ್ಮ ಪೆನ್‌ಡ್ರೈವ್‌ನ ಅಕ್ಷರ ಹಾಕಬೇಕು. ಇದು ಫೈಲ್ ಅಳಿಸದೆ ಫ್ಯಾಟ್32 ಅನ್ನು ಎನ್‌ಟಿಎಫ್‌ಎಸ್ ಮಾಡುತ್ತೆ. ಮಧ್ಯದಲ್ಲಿ ಕರೆಂಟ್ ಹೋದ್ರೆ ಕಥೆ ಬೇರೆ. ನಮ್ಮೂರಿನ ಮಳೆಗಾಲದಲ್ಲಿ ಯುಪಿಎಸ್ ಇಲ್ಲದ ಕಂಪ್ಯೂಟರ್‌ನಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ, ಲ್ಯಾಪ್‌ಟಾಪ್‌ನಲ್ಲಿ ಮಾಡಿ. ಅದಕ್ಕೂ ಮೊದಲು ಒಂದು ಪ್ರತಿ ಬೇರೆ ಕಡೆ ಇಟ್ಕೊಳ್ಳಿ. ಹಿಂದಕ್ಕೆ ಫ್ಯಾಟ್32 ಮಾಡಬೇಕಂದ್ರೆ ಫಾರ್ಮ್ಯಾಟೇ ಗತಿ, ಅದೂ ನೆನಪಿರಲಿ.

ಪದ್ಧತಿ ಬದಲಾಯಿಸೋದೇ ಬೇಡ, ಫೈಲ್ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಹೋದ್ರೆ ಸಾಕು ಅನ್ನೋರಿಗೆ 7-ಜಿಪ್ ಅನ್ನೋ ಉಚಿತ ಸಾಫ್ಟ್‌ವೇರ್ ಇದೆ. ಅದರಲ್ಲಿ ಫೈಲನ್ನು ತುಂಡು ಮಾಡೋ ಜಾಗದಲ್ಲಿ ‘4092ಎಂ - ಫ್ಯಾಟ್’ ಅಂತಲೇ ಒಂದು ಆಯ್ಕೆ ಕೊಟ್ಟಿದ್ದಾರೆ. ಆ ಕಡೆ ಹೋಗಿ ಎಲ್ಲಾ ತುಂಡನ್ನೂ ಒಂದೇ ಫೋಲ್ಡರ್‌ಗೆ ಹಾಕಿ, ಮೊದಲನೇ ತುಂಡನ್ನು ಬಿಚ್ಚಿದ್ರೆ ಪೂರ್ತಿ ಫೈಲ್ ಸಿಗುತ್ತೆ. ಈ ತುಂಡುಗಳು ಟಿವಿಯಲ್ಲಿ ಓಡಲ್ಲ ಮತ್ತೆ!

ಟಿವಿ, ಕಾರು, ಮೊಬೈಲ್

ಸ್ಟುಡಿಯೊದವರು ಎಕ್ಸ್‌ಫ್ಯಾಟ್ ಮಾಡಿ ಕೊಟ್ರು, ಮನೆಗೆ ಹೋಗಿ ಟಿವಿಗೆ ಹಾಕಿದ್ರೆ ಪೆನ್‌ಡ್ರೈವೇ ಕಾಣಲ್ಲ. ಇದೂ ಆಗುತ್ತೆ. ಹಳೇ ಟಿವಿಗಳಲ್ಲಿ ಕೆಲವು ಫ್ಯಾಟ್32 ಮಾತ್ರ ಓದುತ್ತವೆ, ಕೆಲವು ಎನ್‌ಟಿಎಫ್‌ಎಸ್ ಕೂಡ ಓದುತ್ತವೆ. ಹೊಸ ಸ್ಮಾರ್ಟ್ ಟಿವಿಗಳಲ್ಲಿ ಹೆಚ್ಚಿನವು ಮೂರನ್ನೂ ಓದುತ್ತವೆ. ಟಿವಿ ಜೊತೆ ಬಂದ ಪುಸ್ತಕದಲ್ಲಿ ಬರೆದಿರುತ್ತೆ. ಪುಸ್ತಕ ಅಟ್ಟ ಸೇರಿದ್ರೆ ಒಂದು ಸಣ್ಣ ವಿಡಿಯೊ ಹಾಕಿ ಪರೀಕ್ಷೆ ಮಾಡಿ, ಆಮೇಲೆ ದೊಡ್ಡದು ಹಾಕಿಸಿ. ಎರಡು ಗಂಟೆ ವಿಡಿಯೊವನ್ನು 4 ಜಿಬಿ ಒಳಗಿನ ಎರಡೋ ಮೂರೋ ಭಾಗ ಮಾಡಿ ಫ್ಯಾಟ್32ನಲ್ಲೇ ಕೊಡೋದು ನನ್ನ ಪ್ರಕಾರ ಮದುವೆ ವಿಡಿಯೊಗೆ ಒಳ್ಳೇ ದಾರಿ. ಮುಹೂರ್ತ ಒಂದು ಫೈಲ್, ಆರತಕ್ಷತೆ ಒಂದು ಫೈಲ್. ಅಜ್ಜಿಗೆ ಬೇಕಾದ್ದು ಹುಡುಕೋಕೂ ಸುಲಭ.

ಕಾರು, ಜೀಪು, ಪಿಕಪ್‌ನ ಸ್ಟೀರಿಯೊ ವಿಷಯ ಉಲ್ಟಾ. 64 ಜಿಬಿ ಪೆನ್‌ಡ್ರೈವ್ ತಂದು ಹಾಡು ತುಂಬಿಸಿ ಹಾಕಿದ್ರೆ ‘ನೋ ಡಿವೈಸ್’ ಅನ್ನುತ್ತೆ. ಕಾರಣ, 32 ಜಿಬಿಗಿಂತ ದೊಡ್ಡದು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್‌ನಲ್ಲಿ ಬರುತ್ತೆ. ಅದನ್ನ ಫ್ಯಾಟ್32 ಮಾಡೋಣ ಅಂದ್ರೆ ವಿಂಡೋಸ್‌ನ ಫಾರ್ಮ್ಯಾಟ್ ಚೌಕದಲ್ಲಿ ಆ ಆಯ್ಕೆಯೇ ಇರಲ್ಲ. ಆ ಚೌಕ ಬರೆದ ಮೈಕ್ರೋಸಾಫ್ಟ್‌ನ ಮಾಜಿ ಎಂಜಿನಿಯರ್ ಡೇವ್ ಪ್ಲಮರ್ ಅದರ ಕಥೆ ಹೇಳಿದ್ದಾರೆ. 1994ರಲ್ಲಿ ತಾತ್ಕಾಲಿಕ ಅಂತ ಮಾಡಿದ್ದಂತೆ, 32 ಜಿಬಿ ಮಿತಿ ಆಗ ಅವರೇ ಅಂದಾಜಿನ ಮೇಲೆ ಇಟ್ಟದ್ದಂತೆ. 30 ವರ್ಷ ಆಯ್ತು, ತಾತ್ಕಾಲಿಕ ಹಾಗೇ ಇದೆ. ನಮ್ಮ ಕಡೆ ಕೆಲವು ಕಾಲುಸಂಕದ ಹಾಗೆ. 2024ರ ಆಗಸ್ಟ್‌ನಲ್ಲಿ ವಿಂಡೋಸ್ 11ರ ಪರೀಕ್ಷಾ ಆವೃತ್ತಿಯಲ್ಲಿ ಕಮಾಂಡ್ ಮೂಲಕ 2 ಟಿಬಿವರೆಗೂ ಫ್ಯಾಟ್32 ಮಾಡೋ ಅವಕಾಶ ಕೊಟ್ರು. ಅಷ್ಟೆಲ್ಲಾ ತಲೆ ಕೆಡಿಸ್ಕೊಳ್ಳೋ ಬದಲು ಹಾಡಿಗೆ 32 ಜಿಬಿದೇ ತಗೊಳ್ಳಿ.

ಮೊಬೈಲ್‌ಗೆ ಓಟಿಜಿ ಹಾಕಿ ಪೆನ್‌ಡ್ರೈವ್ ಚುಚ್ಚಿದಾಗ ಕೆಲವು ಫೋನ್ ‘ಈ ಡ್ರೈವ್ ಬೆಂಬಲಿತವಾಗಿಲ್ಲ, ಸೆಟಪ್ ಮಾಡಲು ಒತ್ತಿ’ ಅನ್ನೋ ಅರ್ಥದ ಸಂದೇಶ ತೋರಿಸುತ್ತೆ. ಹಳೇ ಕಂಪ್ಯೂಟರ್ ಆದ್ರೆ ‘ಡಿಸ್ಕ್ ಬಳಸೋ ಮೊದಲು ಫಾರ್ಮ್ಯಾಟ್ ಮಾಡಬೇಕು’ ಅನ್ನುತ್ತೆ. ಒತ್ತಬೇಡಿ. ಪೆನ್‌ಡ್ರೈವ್ ಸರಿ ಇರಬಹುದು, ಆ ಫೋನ್‌ಗೆ ಅದರ ಭಾಷೆ ಬರಲ್ಲ ಅಷ್ಟೇ. ಬೇರೆ ಕಂಪ್ಯೂಟರ್‌ನಲ್ಲಿ ಹಾಕಿ ನೋಡಿ. ಈ ತಕರಾರಿನಲ್ಲಿ ಜನ ಫೋಟೊ ಕಳ್ಕೊಳ್ಳೋದು ಇದೇ ಒಂದು ಒತ್ತಿನಲ್ಲಿ.

ಯಕ್ಷಗಾನ ರೆಕಾರ್ಡ್ ಮಾಡೋರಿಗೆ

ಮೇಳ ಬಂದಾಗ ರಾತ್ರಿಯಿಡೀ ಕ್ಯಾಮೆರಾ ಇಟ್ಟು ಕೂರೋ ಹುಡುಗರು ನಮ್ಮಲ್ಲಿ ಇದ್ದಾರೆ. ಅವರಿಗೆ 4 ಜಿಬಿ ಲೆಕ್ಕ ಬಾಯಿಪಾಠ ಆಗಿರಬೇಕು. ಫುಲ್ ಎಚ್‌ಡಿಯಲ್ಲಿ ಸೆಕೆಂಡಿಗೆ 24 ಮೆಗಾಬಿಟ್ ವೇಗದಲ್ಲಿ ರೆಕಾರ್ಡ್ ಮಾಡಿದ್ರೆ 4 ಜಿಬಿ ತುಂಬೋಕೆ ಸುಮಾರು 24 ನಿಮಿಷ ಸಾಕು. 50 ಮೆಗಾಬಿಟ್ ಆದ್ರೆ ಹನ್ನೊಂದೂವರೆ ನಿಮಿಷ. 4ಕೆಯಲ್ಲಿ 100 ಮೆಗಾಬಿಟ್ ಇಟ್ರೆ ಆರು ನಿಮಿಷವೂ ಇಲ್ಲ. ಫ್ಯಾಟ್32 ಕಾರ್ಡ್ ಇದ್ದಾಗ ಕ್ಯಾಮೆರಾ ಅಲ್ಲಿಗೆ ಫೈಲ್ ಮುಚ್ಚಿ ಹೊಸದು ಶುರು ಮಾಡುತ್ತೆ. ಎಂಟು ಗಂಟೆ ಆಟಕ್ಕೆ 24 ಮೆಗಾಬಿಟ್‌ನಲ್ಲೇ 86 ಜಿಬಿ ಚಿಲ್ಲರೆ, ಅಂದ್ರೆ ಇಪ್ಪತ್ತಕ್ಕೂ ಹೆಚ್ಚು ತುಂಡು. ಕಾರ್ಡೂ ಒಂದು ಸಾಲಲ್ಲ.

ತುಂಡಾಗಿದ್ದು ತಪ್ಪಲ್ಲ, ಒಂದು ತುಂಡು ಬಿಟ್ಟು ಕಾಪಿ ಮಾಡೋದು ತಪ್ಪು. ಪ್ರಸಂಗದ ಪದ್ಯ ಅರ್ಧಕ್ಕೆ ನಿಂತು ಮುಂದಿನ ಫೈಲ್‌ನಲ್ಲಿ ಅರ್ಥಗಾರಿಕೆ ನಡೀತಿದ್ರೆ ಮಧ್ಯದ್ದು ಕಾರ್ಡ್‌ನಲ್ಲೇ ಉಳಿದಿದೆ ಅಂತ. ಕಾರ್ಡ್ ಖಾಲಿ ಮಾಡೋ ಮೊದಲು ಎರಡೂ ಕಡೆ ಫೈಲ್ ಸಂಖ್ಯೆ, ಒಟ್ಟು ಗಾತ್ರ ತಾಳೆ ನೋಡಿ. ಗೋಪ್ರೊ ಬಳಸೋರು ಇನ್ನೂ ಹುಷಾರು: ಜಿಎಕ್ಸ್010045 ಆದ್ಮೇಲಿನ ತುಂಡು ಜಿಎಕ್ಸ್020045. ತುಂಡಿನ ನಂಬರ್ ಮೊದಲು, ವಿಡಿಯೊ ನಂಬರ್ ಆಮೇಲೆ. ಹಾಗಾಗಿ ಹೆಸರಿನ ಪ್ರಕಾರ ಜೋಡಿಸಿದ್ರೆ ಎಲ್ಲಾ ವಿಡಿಯೊಗಳ ಮೊದಲ ತುಂಡು ಒಟ್ಟಿಗೆ, ಎರಡನೇ ತುಂಡು ಒಟ್ಟಿಗೆ ಬಂದು ಕೂರುತ್ತೆ. ದಿನಾಂಕದ ಪ್ರಕಾರ ಜೋಡಿಸಿ. ಜೋಡಿಸಿದ ಕಡೆ ಚಂಡೆ ಸದ್ದು ತುಂಡಾಗಬಾರದು ಅಂದ್ರೆ ಕ್ಯಾಮೆರಾ ಕಂಪನಿಯವರದ್ದೇ ಸಾಫ್ಟ್‌ವೇರ್ ಇದ್ರೆ ಅದರಲ್ಲಿ ಇಳಿಸಿಕೊಳ್ಳಿ.

64 ಜಿಬಿ ಮೇಲಿನ ಎಸ್‌ಡಿ ಕಾರ್ಡ್ ಎಕ್ಸ್‌ಫ್ಯಾಟ್‌ನಲ್ಲೇ ಬರುತ್ತೆ, ಅದರಲ್ಲಿ 4 ಜಿಬಿ ಮಿತಿ ಇಲ್ಲ. ಆದ್ರೂ ಕೆಲವು ಕ್ಯಾಮೆರಾ ಅಭ್ಯಾಸಬಲದಿಂದ ತುಂಡು ಮಾಡುತ್ತೆ. ಕಾರ್ಡನ್ನು ಕಂಪ್ಯೂಟರ್‌ನಲ್ಲಿ ಫಾರ್ಮ್ಯಾಟ್ ಮಾಡಬೇಡಿ, ಕ್ಯಾಮೆರಾದಲ್ಲೇ ಮಾಡಿ.

ಸಿಸಿಟಿವಿ ಮತ್ತು ಅಂಗಡಿ ಲೆಕ್ಕ: ಇಲ್ಲಿ ಸದರ ಬೇಡ

ಅಡಿಕೆ ಅಂಗಳಕ್ಕೆ, ಅಂಗಡಿ ಬಾಗಿಲಿಗೆ ಈಗ ಕ್ಯಾಮೆರಾ ಹಾಕಿಸ್ತಿದ್ದಾರೆ. ಕಳ್ಳತನ ಆಯ್ತು ಅಂದ್ಕೊಳ್ಳಿ. ಡಿವಿಆರ್‌ನಿಂದ ದೃಶ್ಯ ಪೆನ್‌ಡ್ರೈವ್‌ಗೆ ಇಳಿಸಬೇಕು. ಹೆಚ್ಚಿನ ಡಿವಿಆರ್ ಫ್ಯಾಟ್32 ಪೆನ್‌ಡ್ರೈವ್ ಕೇಳುತ್ತೆ, ದೃಶ್ಯವನ್ನು ಅದೇ ತುಂಡು ತುಂಡು ಮಾಡಿ ಕೊಡುತ್ತೆ. 64ರದ್ದು ಚುಚ್ಚಿದ್ರೆ ಕಾಣೋದೇ ಇಲ್ಲ. ನಾಳೆ ಇನ್ನೊಂದು ಪೆನ್‌ಡ್ರೈವ್ ತರೋಣ ಅಂತ ಬಿಟ್ರೆ? ಡಿವಿಆರ್‌ನ ಡಿಸ್ಕ್ ತುಂಬಿದ ಮೇಲೆ ಹಳೇ ದೃಶ್ಯದ ಮೇಲೇ ಹೊಸದು ಬರೀತಾ ಹೋಗುತ್ತೆ. ನಾಲ್ಕು ಕ್ಯಾಮೆರಾ, ಸಣ್ಣ ಡಿಸ್ಕ್ ಇದ್ರೆ ಬೇಗನೇ ಅಳಿಸಿಹೋಗುತ್ತೆ. ಫ್ಯಾಟ್32ನ 32 ಜಿಬಿ ಪೆನ್‌ಡ್ರೈವ್ ಒಂದು ಗಲ್ಲಾಪೆಟ್ಟಿಗೆಯಲ್ಲಿ ಯಾವಾಗಲೂ ಇರಲಿ.

ಪೊಲೀಸರಿಗೆ ಕೊಡೋ ದೃಶ್ಯವನ್ನು ಸಣ್ಣದು ಮಾಡೋಕೆ, ವಾಟ್ಸ್ಆ್ಯಪ್‌ನಲ್ಲಿ ಕಳಿಸೋಕೆ, ಬೇರೆ ರೂಪಕ್ಕೆ ಬದಲಾಯಿಸೋಕೆ ಹೋಗಬೇಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಕಾರ ಇಂಥ ಡಿಜಿಟಲ್ ದಾಖಲೆ ಜೊತೆ ಒಂದು ಪ್ರಮಾಣಪತ್ರ ಕೊಡಬೇಕು. ಅದರ ನಮೂನೆಯಲ್ಲಿ ಫೈಲ್‌ನ ‘ಹ್ಯಾಶ್’ ಬರೆಯೋ ಜಾಗ ಇದೆ. ಹ್ಯಾಶ್ ಅಂದ್ರೆ ಫೈಲ್‌ನ ಹೆಬ್ಬೆಟ್ಟಿನ ಗುರುತು ಅಂದ್ಕೊಳ್ಳಿ. ಒಂದು ಬೈಟ್ ಬದಲಾದ್ರೂ ಗುರುತು ಬೇರೆ ಆಗುತ್ತೆ. ಡಿವಿಆರ್ ಕೊಟ್ಟ ಹಾಗೇ, ಎಲ್ಲಾ ತುಂಡೂ ಸೇರಿಸಿ, ಅದನ್ನ ಓಡಿಸೋ ಪ್ಲೇಯರ್ ಫೈಲ್ ಇದ್ರೆ ಅದೂ ಸೇರಿಸಿ ಕೊಡಿ. ಡಿವಿಆರ್‌ನ ಗಡಿಯಾರ ಸರಿ ಇದ್ಯಾ ಅಂತಲೂ ಇವತ್ತೇ ನೋಡಿಬಿಡಿ.

ಅಂಗಡಿ ಲೆಕ್ಕದ ಸಾಫ್ಟ್‌ವೇರ್ ಬ್ಯಾಕಪ್ ಕೂಡ ಕೆಲವರದ್ದು ಒಂದೇ ದೊಡ್ಡ ಫೈಲ್ ಆಗಿ ಬರುತ್ತೆ. ವರ್ಷ ಕಳೆದಂತೆ ಬೆಳೆದು ಒಂದು ದಿನ 4 ಜಿಬಿ ದಾಟುತ್ತೆ. ಆ ದಿನದಿಂದ ಪೆನ್‌ಡ್ರೈವ್‌ಗೆ ಬ್ಯಾಕಪ್ ಆಗಲ್ಲ, ನೀವು ಆಗ್ತಿದೆ ಅಂದ್ಕೊಂಡಿರ್ತೀರಿ. ತಿಂಗಳಿಗೊಮ್ಮೆ ಪೆನ್‌ಡ್ರೈವ್ ತೆರೆದು ಕೊನೇ ಫೈಲ್‌ನ ದಿನಾಂಕ, ಗಾತ್ರ ನೋಡಿ. ಬ್ಯಾಕಪ್‌ಗೆ ಅಂತಲೇ ಇಡೋ ಡಿಸ್ಕ್ ಎನ್‌ಟಿಎಫ್‌ಎಸ್ ಇರಲಿ.

ಜಾತ್ರೆಯಲ್ಲಿ, ಆನ್‌ಲೈನ್‌ನಲ್ಲಿ ಐನೂರು ರೂಪಾಯಿಗೆ ಸಿಗೋ ‘1 ಟಿಬಿ’ ಪೆನ್‌ಡ್ರೈವ್ ವಿಷಯ ಬೇರೆ. ಅದು ಸುಳ್ಳು ಗಾತ್ರ. ಕಾಪಿ ಪೂರ್ತಿ ಆಗುತ್ತೆ, ನಿಜವಾದ ಜಾಗ ಮುಗಿದ ಮೇಲಿನ ಫೈಲ್ ಯಾವುದೂ ತೆರೆಯಲ್ಲ. ಎಚ್2ಟೆಸ್ಟ್‌ಡಬ್ಲ್ಯೂ ಅನ್ನೋ ಉಚಿತ ಸಾಫ್ಟ್‌ವೇರ್ ಅದರ ಬಣ್ಣ ಬಯಲು ಮಾಡುತ್ತೆ.

ಕಳಿಸೋವಾಗ, ಅರ್ಜಿ ಹಾಕೋವಾಗ

ಪೆನ್‌ಡ್ರೈವ್ ಬಿಟ್ರೆ ಜನ ಸಿಕ್ಕಿಹಾಕ್ಕೊಳ್ಳೋದು ಇಲ್ಲಿ. ಜಿಮೇಲ್‌ನಲ್ಲಿ 25 ಎಂಬಿ ದಾಟಿದ್ದು ಡ್ರೈವ್ ಲಿಂಕ್ ಆಗಿ ಹೋಗುತ್ತೆ. ವಾಟ್ಸ್ಆ್ಯಪ್‌ನಲ್ಲಿ ‘ಡಾಕ್ಯುಮೆಂಟ್’ ಅಂತ ಕಳಿಸಿದ್ರೆ 2022ರಿಂದ 2 ಜಿಬಿವರೆಗೆ ಹೋಗುತ್ತೆ, ಗುಣಮಟ್ಟವೂ ಹಾಗೇ ಇರುತ್ತೆ. ಮಾಮೂಲಿ ವಿಡಿಯೊ ಅಂತ ಕಳಿಸಿದ್ರೆ ಅದು ಹಿಂಡಿ ಸಣ್ಣದು ಮಾಡುತ್ತೆ. 2 ಜಿಬಿ ಹೋಗುವಷ್ಟು ನೆಟ್‌ವರ್ಕ್ ನಿಮ್ಮನೇಲಿ ಇದ್ರೆ ನೀವು ಪುಣ್ಯವಂತರು.

ಕೆಲಸದ ಅರ್ಜಿಗಳಲ್ಲಿ ಮಿತಿ ಎರಡೂ ಕಡೆ ಇರುತ್ತೆ. ಗ್ರಾಮೀಣ ಬ್ಯಾಂಕ್ ಸೇರಿ ಬ್ಯಾಂಕ್ ಕೆಲಸಗಳಿಗೆ ಪರೀಕ್ಷೆ ನಡೆಸೋ ಐಬಿಪಿಎಸ್‌ನ ಅರ್ಜಿಯಲ್ಲಿ ಫೋಟೊ 20ರಿಂದ 50 ಕೆಬಿ, ಸಹಿ 10ರಿಂದ 20 ಕೆಬಿ, ಎಡಗೈ ಹೆಬ್ಬೆಟ್ಟು 20ರಿಂದ 50 ಕೆಬಿ, ಕೈಬರಹದ ಘೋಷಣೆ 50ರಿಂದ 100 ಕೆಬಿ ಕೇಳ್ತಾರೆ. ಮೊಬೈಲ್‌ನಲ್ಲಿ ತೆಗೆದ 4 ಎಂಬಿ ಫೋಟೊ ಹೋಗಲ್ಲ, ಹಿಂಡಿ ಹಿಂಡಿ 12 ಕೆಬಿ ಮಾಡಿದ್ರೂ ಹೋಗಲ್ಲ. ಮೊದಲು ಬೇಡದ ಅಂಚು ಕತ್ತರಿಸಿ, ಆಮೇಲೆ ಪೇಂಟ್‌ನಲ್ಲಿ ‘ರೀಸೈಜ್’ಗೆ ಹೋಗಿ ಪಿಕ್ಸೆಲ್ ಲೆಕ್ಕದಲ್ಲಿ ಇಳಿಸಿ. ಅಲ್ಲಿ ಫೋಟೊಗೆ ಹೇಳಿರೋದು 200 ಇಂಟು 230. ಮಾರ್ಕ್ಸ್ ಕಾರ್ಡ್ ಸ್ಕ್ಯಾನ್ ದೊಡ್ಡದಾದ್ರೆ ಬಣ್ಣ ತೆಗೆದು ಗ್ರೇ ಮಾಡಿ, 150-200 ಡಿಪಿಐ ಇಡಿ, ಅಕ್ಷರ ಓದೋಕೆ ಬರ್ತಿದ್ಯಾ ನೋಡಿ. ಇದನ್ನೆಲ್ಲ ಕೊನೇ ದಿನ ಸಂಜೆ ಸೈಬರ್ ಸೆಂಟರ್‌ನಲ್ಲಿ ನಿಂತು ಮಾಡೋಕೆ ಹೋಗಬೇಡಿ. ಸರ್ವರ್, ಕರೆಂಟ್ ಎರಡೂ ಅದೇ ಹೊತ್ತಿಗೆ ಕೈಕೊಡುತ್ತೆ.

ಕನ್ನಡದಲ್ಲಿ ಫೈಲ್ ಹೆಸರು ಇಡೋರಿಗೆ

ಗಾತ್ರ ಸಣ್ಣದೇ ಇದ್ರೂ ಕೆಲವು ಸಲ ಹೆಸರೇ ದೊಡ್ಡದಾಗುತ್ತೆ. ಲಿನಕ್ಸ್‌ನಲ್ಲಿ, ಹೆಚ್ಚಿನ ಆ್ಯಂಡ್ರಾಯ್ಡ್ ಫೋನ್‌ಗಳಲ್ಲೂ ಒಂದು ಫೈಲ್ ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಆದ್ರೆ ಕನ್ನಡದ ಪ್ರತಿ ಅಕ್ಷರ, ಗುಣಿತ, ಒತ್ತಿಗೆ ಹಾಕೋ ಅರ್ಧಾಕ್ಷರ ಚಿಹ್ನೆ ಒಂದೊಂದಕ್ಕೂ ಮೂರು ಬೈಟ್. ‘ಕೊಪ್ಪ’ಕ್ಕೆ 15 ಬೈಟ್, ‘ಶೃಂಗೇರಿ’ಗೆ 21, ‘ನರಸಿಂಹರಾಜಪುರ’ಕ್ಕೆ 36. ಒಟ್ಟು 85 ಚಿಹ್ನೆಗೆ ಲೆಕ್ಕ ಮುಗೀತು. ಸಂಘದ ವಾರ್ಷಿಕ ಮಹಾಸಭೆಯ ಆಹ್ವಾನ ಪತ್ರಿಕೆಗೆ ಊರು, ತಾಲ್ಲೂಕು, ಅಧ್ಯಕ್ಷರ ಹೆಸರು ಎಲ್ಲಾ ಸೇರಿಸಿ ಹೆಸರಿಟ್ರೆ ಕಂಪ್ಯೂಟರ್‌ನಲ್ಲಿ ಇರುತ್ತೆ, ಫೋನ್‌ಗೆ ಹೋಗಲ್ಲ. ವಿಂಡೋಸ್ ಬೈಟ್ ಬದಲು ಅಕ್ಷರ ಎಣಿಸೋದರಿಂದ ಹೆಸರಿಗೆ 255ರವರೆಗೆ ಬಿಡುತ್ತೆ, ಆದ್ರೆ ಫೋಲ್ಡರ್ ಒಳಗೆ ಫೋಲ್ಡರ್ ಮಾಡಿ ಇಡೀ ದಾರಿ 260 ಅಕ್ಷರ ಮುಟ್ಟಿದ್ರೆ ಅದೂ ಮುನಿಸಿಕೊಳ್ಳುತ್ತೆ. ‘2025 ಮಹಾಸಭೆ ಕೊಪ್ಪ’ ಅಂತಿಟ್ರೆ ಸಾಕು, ಅಧ್ಯಕ್ಷರ ಹೆಸರು ಹೇಗೂ ಒಳಗೆ ದಪ್ಪ ಅಕ್ಷರದಲ್ಲಿ ಇರುತ್ತೆ.